ಹಳೇ ದಿಮ್ಮಿ ಮನೆಗೆ ಸಿಮೆಂಟ್ ಮೆತ್ತಬಹುದಾ?

ಪ್ರಶ್ನೆ: ಅಮೆರಿಕದ ವರ್ಜೀನಿಯಾದಲ್ಲಿ ನಾವು ಕೊಂಡ ಜಮೀನಿನಲ್ಲಿ ನೂರೈವತ್ತು ವರ್ಷ ದಾಟಿದ ದಿಮ್ಮಿ ಮನೆ ಇದೆ, ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು. ದಿಮ್ಮಿಗಳ ಸಂದಿನ ಮಣ್ಣು ಉದುರುತ್ತಿದೆ. ಸಿಮೆಂಟ್ ತುಂಬಿಸಿದರೆ ಶಾಶ್ವತ ಅಂತ ಕಂಟ್ರಾಕ್ಟರ್ ಹೇಳುತ್ತಾರೆ. ಮಾಡಿಸಲಾ?

ಉತ್ತರ: ಬೇಡ. ಇದನ್ನು ಇನ್ನೂ ಎಷ್ಟು ಸಲ ಬರೆಯಬೇಕೋ! ಸಿಮೆಂಟ್ ಗಟ್ಟಿ ಇರೋದೇ ತೊಂದರೆ. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಜಗ್ಗೋದಿಲ್ಲ. ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಮಳೆ ನೀರು ಅಲ್ಲಿಂದ ಒಳಗಿಳಿಯುತ್ತದೆ. ಇಳಿದ ನೀರು ಬೇಗ ಆರೋದಿಲ್ಲ. ಹೊರಗಿಂದ ಗೋಡೆ ನೀಟಾಗಿರುತ್ತದೆ, ಹಿಂದೆ ಮರ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಆಗಿರುತ್ತದೆ.

ಹಳಬರು ಸಂದಿಗೆ ಕಲ್ಲಿನ ಚೂರು, ಮರದ ಸೀಳು ತುರುಕಿ, ಮೇಲೆ ಜೇಡಿಮಣ್ಣು, ಸುಣ್ಣ, ಹುಲ್ಲು ಕಲಸಿ ಮೆತ್ತುತ್ತಿದ್ದರು. ಅದು ಆಗಾಗ ಉದುರುತ್ತದೆ, ಮತ್ತೆ ಮೆತ್ತಬೇಕು. ಮರ ಉಳಿಯೋದೇ ಹಾಗೆ. ಉದುರಿದ ಒಂದು ಹೆಂಟೆ ಎತ್ತಿಟ್ಟುಕೊಳ್ಳಿ. ಅದೇ ಬಣ್ಣ, ಅದೇ ಹದಕ್ಕೆ ಸುಣ್ಣದ ಗಾರೆ ಕಲಸಿಸಿ. ಗಾರೆ ಹೊರಕ್ಕೆ ಇಳಿಜಾರಾಗಿರಲಿ, ಕೆಳಗಿನ ದಿಮ್ಮಿಯ ಮೇಲೆ ನೀರು ನಿಲ್ಲಬಾರದು.

ಅದಕ್ಕೂ ಮುಂಚೆ ತಳದ ದಿಮ್ಮಿ ನೋಡಿ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಸಲೀಸಾಗಿ ಇಳಿದರೆ ಕೊಳೆತಿದೆ ಅಂತ ಅರ್ಥ. ಸೂರಿನ ನೀರು ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯೋದೇ ಜಾಸ್ತಿ ಕಡೆ ಕಾರಣ. ದಿಮ್ಮಿಗೆ ತಾಗಿದ ಮಣ್ಣು ಕೆರೆದು ತೆಗೆಸಿ, ನೀರು ದೂರ ಹೋಗೋ ಹಾಗೆ ಮಾಡಿ. ಆಮೇಲೆ ಕೊಳೆತಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಮರ ಕೂರಿಸೋ ಬಡಗಿಯನ್ನು ಹುಡುಕಿ. 'ಎಲ್ಲಾ ಹೊಸದು ಹಾಕೋಣ' ಅನ್ನೋರಿಗೆ ಗೇಟು ತೋರಿಸಿ.

ಪ್ರಶ್ನೆ: ದಿಮ್ಮಿಗೆ ವಾರ್ನಿಷ್ ಹೊಡೆದರೆ ಹೊಳೆಯುತ್ತದಾ?

ಉತ್ತರ: ಹೊರಗೆ ಹೊಳೆಯುತ್ತದೆ, ಒಳಗೆ ಕೊಳೆಯುತ್ತದೆ.

ಪ್ರಶ್ನೆ: ದಿಮ್ಮಿಗಳ ಮೇಲೆ ಹಳೇ ಹಲಗೆ ಹೊಡೆದಿದ್ದಾರೆ. ಕಿತ್ತು ಒರಿಜಿನಲ್ ಗೋಡೆ ತೋರಿಸಲಾ?

ಉತ್ತರ: ಮಳೆಯಿಂದ ಅದನ್ನು ಕಾಯ್ದದ್ದೇ ಆ ಹಲಗೆ. ಮುಟ್ಟಬೇಡಿ.

ಪ್ರಶ್ನೆ: 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಪ್ಲಿಮತ್‌ಗೆ ನೆಲೆಸಲು ಬಂದವರೂ ಇಂಥ ಮನೆಯಲ್ಲೇ ಇದ್ದರು ಅಲ್ವಾ?

ಉತ್ತರ: ಇಲ್ಲ. ಅವರು ಕಟ್ಟಿದ್ದು ಮರದ ಚೌಕಟ್ಟಿಗೆ ಹಲಗೆ ಹೊಡೆದ ಮನೆ. ದಿಮ್ಮಿ ಪೇರಿಸೋ ಕಸುಬನ್ನು ಅಮೆರಿಕಕ್ಕೆ ತಂದವರು 1638ರಿಂದ ಡೆಲವೇರ್ ಕಣಿವೆಗೆ ಬಂದ ಸ್ವೀಡನ್, ಫಿನ್ಲೆಂಡ್‌ನವರು. ಕ್ಯಾಲೆಂಡರ್ ಚಿತ್ರ ನೋಡಿ ಇತಿಹಾಸ ಕಲಿತರೆ ಹೀಗೇ.

ಪ್ರಶ್ನೆ: ಲಿಂಕನ್ ಹುಟ್ಟಿದ ಮನೆ ಕೆಂಟಕಿಯ ಸ್ಮಾರಕದಲ್ಲಿ ಹಾಗೇ ಇದೆಯಂತೆ?

ಉತ್ತರ: ಆ ದಿಮ್ಮಿಗಳಲ್ಲಿ ಮರದ ವಯಸ್ಸು ಹೇಳೋ ಉಂಗುರಗಳನ್ನು ಪರೀಕ್ಷಿಸಿದ್ದಾರೆ. ಅತಿ ಹಳೆಯದ್ದೂ 1848ರದ್ದು. ಲಿಂಕನ್ ಹುಟ್ಟಿದ್ದು 1809ರಲ್ಲಿ. ಲೆಕ್ಕ ನೀವೇ ಹಾಕಿ.