ಕೆಲಸದ ನಡುವೆ ದೇವರ ಕಡೆ ಗಮನ ಇಟ್ಟುಕೊಳ್ಳುವುದು ಹೇಗೆ? ಒಳ್ಳೆ ಆ್ಯಪ್ ಇದ್ದರೆ ಹೇಳಿ

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಆಫೀಸಿಗೆ ಹೋದರೆ ಸಂಜೆವರೆಗೆ ದೇವರ ನೆನಪೇ ಬರುವುದಿಲ್ಲ, ಗಂಟೆಗೊಮ್ಮೆ ನೆನಪಿಸುವ ಆ್ಯಪ್ ಬೇಕು ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಓಡಾಡಿದವನು. ಆ್ಯಪೂ ಹಾಕಿಕೊಂಡಿದ್ದೆ.

ನನ್ನದು ಕಾರವಾರ. ಬೈತಖೋಲ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಕೆಲಸ. ಬಂದವರಿಗೆ ಎಷ್ಟು ಐಸು ಅಂತ ಚೀಟಿ ಬರೆದು ಕಿಟಕಿಯಿಂದ ಕೊಡಬೇಕು. ಚೀಟಿ ಇಲ್ಲದೆ ಒಳಗಿನ ಹುಡುಗರು ಐಸು ಪುಡಿ ಮಾಡಿ ಕೊಡುವುದಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ವರ್ಷ ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆಯಿತು. ನಮ್ಮ ಕಡೆ ಗೊತ್ತಲ್ವಾ, ಜುಲೈ 31ರವರೆಗೆ 61 ದಿನ ಟ್ರಾಲರ್ ಇಳಿಯುವ ಹಾಗಿಲ್ಲ. ಪ್ಲಾಂಟಿನಲ್ಲಿ ನೊಣ ಹೊಡೆಯುವ ಕೆಲಸ. ಎಡೆಬಿಡದೆ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ ಸಂತ ಪೌಲರು ಥೆಸಲೋನಿಕ ಊರಿನವರಿಗೆ ಪತ್ರ ಬರೆದಿದ್ದಾರಲ್ಲ, ಅದನ್ನು ಹಿಡಿದುಕೊಂಡೆ. ಬೆಳಿಗ್ಗೆ ಎಂಟರಿಂದ ಗಂಟೆಗೊಂದು ಅಲಾರಂ. ಅಲಾರಂ ಆದ ಕೂಡಲೇ ಇಯರ್‌ಫೋನ್, ಧ್ಯಾನದ ಆಡಿಯೋ, ನಮಾನ್ ಮರಿಯೆ ಅನ್ನುವ ಮರಿಯಮ್ಮನ ಜಪ, ಆಮೇಲೆ ಪಟ್ಟಿಯಲ್ಲಿ ಒಂದು ಟಿಕ್. ಬರೀ ಆ್ಯಪ್ ಸಾಲದು ಅಂತ ಒಂದು ನೋಟ್‌ಬುಕ್ ಬೇರೆ. 61 ದಿನದಲ್ಲಿ ಒಂದೂ ಟಿಕ್ ತಪ್ಪಲಿಲ್ಲ. ನಾನು ಎಲ್ಲೋ ಮೇಲಕ್ಕೆ ಏರಿಬಿಟ್ಟೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಕೆಲಸ ಇರಲಿಲ್ಲ, ಅಷ್ಟೇ.

ಆಗಸ್ಟಿಗೆ ಬೋಟುಗಳು ಇಳಿದವು. ಅಲಾರಂಗಳು ಹಾಗೇ ಇದ್ದವು.

ಸೆಪ್ಟೆಂಬರಿನ ಒಂದು ದಿನ. ಬೋಟು ತಡವಾಗಿ ಬಂದಿತ್ತು, ಹರಾಜೂ ತಡ. ಹನ್ನೆರಡಕ್ಕೆ ಅಲಾರಂ ಆಯಿತು. ಹೊರಗೆ ಗಲಾಟೆ ಜಾಸ್ತಿ ಅಂತ ಚೀಟಿ ಕಿಟಕಿಯ ಬಾಗಿಲು ಎಳೆದುಕೊಂಡೆ. ಇಲ್ಲೇ ನಾನು ಮಾಡಿದ್ದನ್ನು ಸರಿಯಾಗಿ ಹೇಳಬೇಕು. ಮಧ್ಯಾಹ್ನದ ಜಪಕ್ಕೆ ಬೇಕಾಗಿದ್ದು ಮೂರು ನಿಮಿಷ. ನಮ್ಮ ಅಜ್ಜಿ ಇಗರ್ಜಿಯ, ಅಂದರೆ ಚರ್ಚಿನ, ಗಂಟೆ ಕೇಳಿದರೆ ಮೀನು ಹೆಚ್ಚುತ್ತಿದ್ದ ಕತ್ತಿಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ನಿಂತಲ್ಲೇ ಮೂರು ನಮಾನ್ ಮರಿಯೆ ಹೇಳಿ ಮತ್ತೆ ಕತ್ತಿ ಹಿಡಿಯುತ್ತಿದ್ದಳು. ನನಗೆ ಅದು ಸಾಲಲಿಲ್ಲ. ಆಡಿಯೋ ಇಪ್ಪತ್ತು ನಿಮಿಷದ್ದು, ನಡುವೆ ನಿಲ್ಲಿಸಿದರೆ ಟಿಕ್ ಬೀಳುವುದಿಲ್ಲ. ಐದನೇ ನಿಮಿಷಕ್ಕೆ ಯಾರೋ ಕಿಟಕಿ ಬಡಿದರು. ಕೇಳಿಸಿತು. ಕೇಳಿಸಲಿಲ್ಲ ಅಂತ ಎಷ್ಟೋ ದಿನ ನನಗೆ ನಾನೇ ಸುಳ್ಳು ಹೇಳಿಕೊಂಡೆ, ಆದರೆ ಕೇಳಿಸಿತು. ಎರಡನೇ ಸಲವೂ ಬಡಿದರು. ಇದು ನನಗೆ ಪರೀಕ್ಷೆ, ಸೈತಾನ ಗಮನ ಕೆಡಿಸುತ್ತಿದ್ದಾನೆ ಅಂದುಕೊಂಡು ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ!

ಬಡಿದದ್ದು ಮಾವ್ಶಿ. ಚಿಕ್ಕಮ್ಮ ಅಂತ ಕರೆಯುವುದಷ್ಟೇ, ಸಂಬಂಧದಲ್ಲಿ ಏನೂ ಅಲ್ಲ, ಅಮ್ಮನ ಜೊತೆ ಮಾರ್ಕೆಟಿನಲ್ಲಿ ಕೂರುತ್ತಿದ್ದವಳು. ಅಪ್ಪ ಹಾಸಿಗೆ ಹಿಡಿದ ವರ್ಷ ನಮ್ಮ ಮನೆಗೆ ಮೀನು ಕೊಟ್ಟು ದುಡ್ಡು ಕೇಳದವಳು. ಎರಡು ಬುಟ್ಟಿ ಬಂಗಡೆ ಹಿಡಿದು ಹರಾಜು ಮುಗಿಸಿ ಬಂದಿದ್ದಾಳೆ, ಕದ್ರಾ ಕಡೆಯ ಟೆಂಪೋ ಸ್ಟಾರ್ಟ್ ಮಾಡಿ ನಿಂತಿದೆ. ಟೆಂಪೋದವನು ಎಷ್ಟು ಹೊತ್ತು ಕಾಯುತ್ತಾನೆ? ಐಸಿಲ್ಲದೆ ಹತ್ತಿದಳು. ಬಂಗಡೆಗೆ ಬಿಸಿಲು ಆಗುವುದಿಲ್ಲ. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತರೆ ಮುಗಿಯಿತು, ಊರಿನವರು ಮುಟ್ಟುವುದಿಲ್ಲ. 4,200 ರೂಪಾಯಿಯ ಮೀನು, ಮುಕ್ಕಾಲು ಪಾಲು ಗೊಬ್ಬರಕ್ಕೆ ಹೋಯಿತು.

ನನಗಿದು ಗೊತ್ತಾಗಿದ್ದು ಮೂರು ವಾರದ ಮೇಲೆ, ಅದೂ ಅಮ್ಮನಿಂದ. ಮಾವ್ಶಿ ಈಗ ಬೇರೆ ಪ್ಲಾಂಟಿಗೆ ಹೋಗುತ್ತಾಳಂತೆ. ದಿನಾ ಬರುತ್ತಿದ್ದವಳು ಮೂರು ವಾರ ಕಾಣಲಿಲ್ಲ ಅನ್ನುವುದೂ ನನ್ನ ತಲೆಗೆ ಹೋಗಿರಲಿಲ್ಲ. ನೋಟ್‌ಬುಕ್ ತೆಗೆದು ಆ ದಿನದ ಪುಟ ನೋಡಿದೆ. ಹನ್ನೆರಡು ಗಂಟೆಯ ಎದುರು ಟಿಕ್ ಇತ್ತು, ದಪ್ಪಗೆ.

ಪಾಪನಿವೇದನೆಗೆ ಹೋಗಿ ಎಲ್ಲ ಹೇಳಿದೆ. ಫಾದರ್ ಕೇಳಿದ್ದು ಒಂದೇ. ಇಲ್ಲಿ ಹೇಳಿದ್ದಾಯಿತು, ಅವಳ ಹತ್ತಿರ ಹೇಳಿದೆಯಾ? ದುಡ್ಡು ತೆಗೆದುಕೊಂಡು ಮಾರ್ಕೆಟಿಗೆ ಹೋದೆ. ಮಾವ್ಶಿ ದುಡ್ಡು ಮುಟ್ಟಲಿಲ್ಲ. ತಕ್ಕಡಿಯಿಂದ ಕಣ್ಣು ಎತ್ತದೆ, "ನಿನ್ನ ದೇವರ ಹೆಸರು ಹೇಳು ಬಾಳಾ, ಬೇಡ ಅಂದವರು ಯಾರು? ಕಿಟಕಿ ಯಾಕೆ ಹಾಕಿದೆ?" ಅಂದಳು. ಗಿರಾಕಿ ಬಂದರು, ಆ ಕಡೆ ತಿರುಗಿದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಇದನ್ನು ಮರೆವಿನ ಸಮಸ್ಯೆ ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕೆಲಸ ಒಂದು ಕಡೆ, ದೇವರು ಇನ್ನೊಂದು ಕಡೆ, ನಡುವೆ ಅಲಾರಂ ಅನ್ನುವ ಲೆಕ್ಕವೇ ತಪ್ಪು. ಎಡೆಬಿಡದೆ ಪ್ರಾರ್ಥಿಸಿ ಅಂದ ಪೌಲರು ಅದೇ ಪತ್ರದ ಎರಡನೇ ಅಧ್ಯಾಯದಲ್ಲಿ, ಯಾರಿಗೂ ಹೊರೆ ಆಗಬಾರದು ಅಂತ ಹಗಲೂ ರಾತ್ರಿ ದುಡಿದೆವು ಅನ್ನುತ್ತಾರೆ. ಡೇರೆ ಹೊಲಿಯುವ ಕಸುಬಿನವರು. ಅಂಗಡಿ ಬಾಗಿಲು ಹಾಕಿ ಪ್ರಾರ್ಥಿಸಿ ಅಂತ ಅವರು ಹೇಳಿರಲಿಕ್ಕೆ ಸಾಧ್ಯವೇ ಇಲ್ಲ. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದಿ. ಯೇಸುವಿನ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಬರುತ್ತಿದ್ದಾರೆ, ದಡದಲ್ಲಿ ಒಬ್ಬ ನಿಂತು ಮೀನು ಏನಾದರೂ ಇದೆಯಾ ಅಂತ ಕೇಳುತ್ತಾನೆ. ಬೈತಖೋಲದಲ್ಲಿ ಬೋಟು ಬಂದಾಗ ಹತ್ತು ಜನ ಕೇಳುವ ಮಾತು ಅದು. ಯೇಸು ಅಂತ ಶಿಷ್ಯರಿಗೇ ಗುರುತು ಸಿಗಲಿಲ್ಲ. ಇಲ್ಲ ಅಂತ ಉತ್ತರ ಕೊಟ್ಟರು ನೋಡಿ, ಕನಿಷ್ಠ ಅಷ್ಟು ಮಾಡಿದರು. ನಾನಾಗಿದ್ದರೆ ಇಯರ್‌ಫೋನ್ ಹಾಕಿಕೊಂಡು ದೋಣಿಯಲ್ಲೇ ಕೂತಿರುತ್ತಿದ್ದೆ.

ಹಾಗಂತ ಪ್ರಾರ್ಥನೆ ಬಿಡಿ, ಕೆಲಸವೇ ಪೂಜೆ ಅಂತ ನಾನು ಹೇಳುತ್ತಿಲ್ಲ. ಅದು ಸೋಮಾರಿಗಳ ಮಾತು, ನನಗೆ ಆಗುವುದಿಲ್ಲ. ಬೆಳಗಿನ ಪ್ರಾರ್ಥನೆ ಉಳಿಸಿಕೊಳ್ಳಿ, ಭಾನುವಾರ ಚರ್ಚಿನ ಬಲಿಪೂಜೆ ತಪ್ಪಿಸಬೇಡಿ. ಹಗಲಲ್ಲಿ ಮಾತ್ರ ಯಾರು ಬಂದು ತಡೆದರೂ ತಡೆಯಲಿ ಬಿಡಿ. ರಾತ್ರಿ ಐದು ನಿಮಿಷ ಕೂತು ದಿನವನ್ನು ಹಿಂದಕ್ಕೆ ನೋಡಿ. ಸಂತ ಇಗ್ನಾಸಿ ಕಲಿಸಿದ ಆತ್ಮಪರಿಶೋಧನೆ ಇದೇ. ಅದರಲ್ಲಿ ಮೊದಲು ಬರುವುದು ದೇವರಿಗೆ ಕೃತಜ್ಞತೆ, ತಪ್ಪಿನ ಪಟ್ಟಿ ಆಮೇಲೆ. ನಾನು ಕೋಡಿಬಾಗದ ಮನೆಯ ಜಗುಲಿಯಲ್ಲಿ ಕೂತು ಅದರ ಜೊತೆ ಇನ್ನೊಂದು ಸೇರಿಸಿಕೊಂಡಿದ್ದೇನೆ. ಇವತ್ತು ಯಾರನ್ನು ಕಾಯಿಸಿದೆ? ಹೆಚ್ಚಿನ ದಿನ ಒಂದಾದರೂ ಮುಖ ನೆನಪಾಗುತ್ತದೆ. ಮನೆಯವಳದೇ ಜಾಸ್ತಿ ಸಲ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನದ ಮೂರು ನಮಾನ್ ಮರಿಯೆ ಈಗಲೂ ಹೇಳುತ್ತೇನೆ, ಕಿಟಕಿ ತೆರೆದೇ. ಒಂದು ಸಲವೂ ಸಲೀಸಾಗಿ ಮುಗಿದಿಲ್ಲ. ಎರಡನೆಯದರ ನಡುವೆ ಯಾರಾದರೂ ಒಳಗೆ ಕೈ ಚಾಚುತ್ತಾರೆ, ಚೀಟಿ ಬರೆದುಕೊಟ್ಟು ಮುಂದುವರಿಸುತ್ತೇನೆ, ಎಲ್ಲಿಗೆ ಬಂದಿತ್ತು ಅಂತ ಮರೆತಿರುತ್ತದೆ.

ಮಾವ್ಶಿ ಇನ್ನೂ ಆ ಬೇರೆ ಪ್ಲಾಂಟಿನಿಂದಲೇ ಐಸು ಒಯ್ಯುತ್ತಾಳೆ. ಆ್ಯಪ್ ಯಾವುದು ಅಂತ ಕೇಳಿದ್ದಿರಿ. ತೆಗೆದುಹಾಕಿ ತುಂಬಾ ದಿನ ಆಯಿತು, ಹೆಸರು ನೆನಪಿಲ್ಲ.