ನೇತ್ರಾಣಿ ಡೈವಿಂಗಿಗೆ ಬಾಳಿಕೆ ಬರುವ ವಿಂಗ್ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಶಿರಸಿಯಲ್ಲಿ ಮನೆ, ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿದಿದೆ, ವರ್ಷಕ್ಕೆ ಹತ್ತು ಹದಿನೈದು ಡೈವ್ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ. ಗಾಳಿ ತುಂಬಿ ತೇಲುವ ಬಾಡಿಗೆ ಜಾಕೆಟ್ ಸಾಕಾಗಿ ಹೋಗಿದೆ, ಸ್ವಂತ ಬ್ಯಾಕ್‌ಪ್ಲೇಟ್ (ಬೆನ್ನಿಗೆ ಕಟ್ಟುವ, ಸಿಲಿಂಡರ್ ಹೊರುವ ತಟ್ಟೆ) ಮತ್ತು ವಿಂಗ್ (ಅದರ ಹಿಂದೆ ಕೂತು ನಿಮ್ಮನ್ನು ತೇಲಿಸುವ ಗಾಳಿಚೀಲ) ಬೇಕು, ಹತ್ತು ವರ್ಷ ಬಾಳಬೇಕು. ಗೆಳೆಯರೊಬ್ಬರು ದಪ್ಪ ಬಟ್ಟೆಯ 50 ಪೌಂಡ್ ತೇಲಿಸುವ ಶಕ್ತಿಯ ವಿಂಗ್ ತಗೊಳ್ಳಿ ಅಂದಿದ್ದಾರೆ.

ದಪ್ಪದ ಮಾತು ಆಮೇಲೆ ನೋಡೋಣ. 50 ಪೌಂಡ್ ಅಂತೂ ಬೇಡ ಮಾರಾಯ್ರೆ.

ನಾನು ಕಾರವಾರದವನು. ನನ್ನ ಮೊದಲ ವಿಂಗ್ ಹಾಳಾದದ್ದು ಸಮುದ್ರದಲ್ಲಿ ಅಲ್ಲ, ನಮ್ಮನೆ ಮಂಚದ ಕೆಳಗೆ. ಮೇ ಕೊನೆಯಲ್ಲಿ ಹೊರಮೈ ಮಾತ್ರ ತೊಳೆದು, ಗಾಳಿ ಪೂರ್ತಿ ಹಿಂಡಿ, ಚಾದರ ಮಡಚಿದ ಹಾಗೆ ಮಡಚಿ ಇಟ್ಟಿದ್ದೆ. ಮಳೆಗಾಲ ಕಳೆದು ನವರಾತ್ರಿ ಹೊತ್ತಿಗೆ ತೆಗೆದರೆ ಒಳಗಿನ ಬ್ಲ್ಯಾಡರ್, ಅಂದರೆ ಗಾಳಿ ತುಂಬುವ ಚೀಲ, ಅಂಟಿಕೊಂಡು ಕೂತಿತ್ತು, ಮಡಿಕೆ ಇದ್ದಲ್ಲೆಲ್ಲ ಉಪ್ಪಿನ ಹರಳು. ಊದಿದಾಗ ಪರ್ ಅಂತ ಬಿಚ್ಚಿತು, ಜೊತೆಗೆ ಮೂರು ಕಡೆ ತೂತೂ ಬಿತ್ತು. ಹೊರಗಿನ ಬಟ್ಟೆ ಮಾತ್ರ ಹೊಸದರ ಹಾಗೇ ಇತ್ತು. ಅಂಗಡಿಯವರು 1000 ಡೆನಿಯರ್, 1680 ಡೆನಿಯರ್ ಅಂತ ನೂಲಿನ ದಪ್ಪದ ಲೆಕ್ಕ ಹೇಳುವುದು ಆ ಬಟ್ಟೆಯದ್ದೇ.

ವಿಂಗ್‌ನಲ್ಲಿ ಎರಡು ಜಾತಿ. ಸೈಕಲ್ ಗೊತ್ತಿದ್ದವರಿಗೆ ಹೇಳುವುದು ಸುಲಭ: ಒಂದು ಟ್ಯೂಬ್–ಟೈರ್ ಇದ್ದ ಹಾಗೆ, ಇನ್ನೊಂದು ಟ್ಯೂಬ್‌ಲೆಸ್. ಮೊದಲನೆಯದರಲ್ಲಿ ಹೊರಗೆ ನೈಲಾನ್ ಕವಚ, ಒಳಗೆ ಪಾಲಿಯುರೆಥೇನ್ ಬ್ಲ್ಯಾಡರ್, ಕವಚಕ್ಕೆ ಒಂದು ಜಿಪ್. ಎರಡನೆಯದರಲ್ಲಿ ಬಟ್ಟೆಯ ಒಳಮೈಗೇ ಲೇಪನ ಕೊಟ್ಟು ಅಂಚನ್ನು ಬೆಸೆದಿರುತ್ತಾರೆ. ಅದು ಹಗುರ, ಬೇಗ ಒಣಗುತ್ತದೆ, ವಿಮಾನದಲ್ಲಿ ಒಯ್ಯುವವರಿಗೆ ಒಳ್ಳೆಯದು. ಆದರೆ ಬೆಸೆದ ಅಂಚು ಬಿಟ್ಟರೆ ಇಲ್ಲಿ ಅದನ್ನು ಸರಿ ಮಾಡುವುದು ಕಷ್ಟ. ಜಿಪ್ ಇರುವುದಾದರೆ ಬ್ಲ್ಯಾಡರ್ ಹೊರಗೆ ತೆಗೆದು, ಊದಿ, ಸೋಪಿನ ನೀರು ಸವರಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ, ಒಣಗಿಸಿ ಯುರೆಥೇನ್ ಅಂಟು ಹಚ್ಚಬಹುದು. ಅದೂ ಆಗದಿದ್ದರೆ ಬ್ಲ್ಯಾಡರ್ ಒಂದನ್ನೇ ಬದಲಿಸಿದರೆ ಆಯಿತು. ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಡೆನಿಯರ್ ಅಲ್ಲ, "ಬ್ಲ್ಯಾಡರ್ ಬಿಡಿಯಾಗಿ ಸಿಗುತ್ತದಾ?" ಅಂತ. ಇಲ್ಲ ಅಂದರೆ ಎಷ್ಟೇ ದೊಡ್ಡ ಹೆಸರಿನ ಕಂಪನಿಯದಾದರೂ ನಾನು ತಗೊಳ್ಳುವುದಿಲ್ಲ.

ಬಟ್ಟೆ ದಪ್ಪ ಇರುವುದು ತಪ್ಪೇನಲ್ಲ. ಬಂಡೆಗೆ ಅಂಟಿದ ಚಿಪ್ಪಿಗೆ ಉಜ್ಜಿದರೆ, ಬೋಟಿನ ಹಲಗೆಯ ಮೇಲೆ ಎಳೆದಾಡಿದರೆ ಅದು ಕಾಯುತ್ತದೆ. ಆದರೆ ಪ್ಲೇಟಿಗೂ ಸಿಲಿಂಡರಿಗೂ ನಡುವೆ ಬ್ಲ್ಯಾಡರ್ ಸಿಕ್ಕಿ ಚಿವುಟಿದರೆ ಬಟ್ಟೆ ಏನೂ ಮಾಡಲಾರದು. ಸಿಲಿಂಡರ್ ಪಟ್ಟಿ ಬಿಗಿಯುವ ಮುಂಚೆ ವಿಂಗ್ ಮಧ್ಯಕ್ಕೆ ಸರಿಯಾಗಿ ಕೂತಿದೆಯಾ ಎಂದು ಕೈಯಾಡಿಸಿ ನೋಡಿಕೊಳ್ಳಿ.

ಈಗ ಪೌಂಡಿನ ಲೆಕ್ಕ. ನೇತ್ರಾಣಿ ಬೋಟುಗಳಲ್ಲಿ ಸಾಮಾನ್ಯವಾಗಿ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ತುಂಬಿದ್ದಾಗ ಒಳಗಿನ ಗಾಳಿಯ ತೂಕವೇ ಸುಮಾರು 2.6 ಕೆಜಿ. ಡೈವ್ ಶುರುವಿನಲ್ಲಿ ನೀವು ಅಷ್ಟು ಭಾರ. ಅದರ ಮೇಲೆ, 18 ಮೀಟರಿನಲ್ಲಿ ಒತ್ತಡ ಮೇಲಿನದರ ಹೆಚ್ಚುಕಡಿಮೆ ಮೂರು ಪಟ್ಟು. ಮೈಗೆ ತೊಡುವ 3 ಮಿಲಿಮೀಟರಿನ ರಬ್ಬರ್ ವೆಟ್‌ಸೂಟ್ ಹಿಂಡಿಹೋಗಿ ಒಂದೆರಡು ಕೆಜಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ. ಎರಡೂ ಸೇರಿ 5 ಕೆಜಿ ದಾಟುವುದಿಲ್ಲ. ನೀವು ಕಿಟ್ ಬಿಚ್ಚಿ ನೀರಿನಲ್ಲಿ ಬಿಟ್ಟರೆ ಅದು ತಾನೇ ತೇಲಬೇಕು ಎನ್ನುವುದು ಇನ್ನೊಂದು ಲೆಕ್ಕ. ಸ್ಟೀಲ್ ಪ್ಲೇಟ್, ತುಂಬಿದ ಸಿಲಿಂಡರ್, ರೆಗ್ಯುಲೇಟರ್ (ಉಸಿರಾಡುವ ಸಾಧನ) ಎಲ್ಲ ಸೇರಿ ನೀರಿನಲ್ಲಿ ಅದೂ 5 ಕೆಜಿ ಆಸುಪಾಸು. 30 ಪೌಂಡ್ ಅಂದರೆ 13 ಕೆಜಿಗೂ ಮೇಲೆ. ಧಾರಾಳ ಆಯಿತು. 50 ಪೌಂಡಿನದು ಜೋಡಿ ಸಿಲಿಂಡರ್ ಕಟ್ಟಿಕೊಳ್ಳುವವರಿಗೆ. ಒಂದೇ ಸಿಲಿಂಡರಿಗೆ ಅದನ್ನು ಹಾಕಿದರೆ ಬಾಳೆಎಲೆ ಮಡಚಿದ ಹಾಗೆ ಎರಡೂ ಬದಿ ಮೇಲೆದ್ದು ಸಿಲಿಂಡರನ್ನು ಸುತ್ತಿಕೊಳ್ಳುತ್ತದೆ. ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ, ಈಜುವಾಗ ನೀರು ಹಿಡಿದೆಳೆಯುತ್ತದೆ, ಮಡಿಕೆ ಜಾಸ್ತಿಯಾದಷ್ಟೂ ಸವೆತ. ಆಕಾರ ಉದ್ದಿನವಡೆಯ ಹಾಗೆ ಪೂರ್ತಿ ಸುತ್ತು ಇರುವುದನ್ನೇ ತಗೊಳ್ಳಿ, ಗಾಳಿ ಎಡಬಲ ಸಲೀಸಾಗಿ ಓಡಾಡುತ್ತದೆ. ಅಂಚಿಗೆ ಎಲಾಸ್ಟಿಕ್ ಹಗ್ಗ ಬಿಗಿದವು ಬೇಡ. ತೂತು ಬಿದ್ದರೆ ಆ ಹಗ್ಗವೇ ಗಾಳಿಯನ್ನು ಹಿಂಡಿ ಹೊರಹಾಕುತ್ತದೆ. ಪ್ಲೇಟ್ ಬೇರೆ ಕಂಪನಿಯದಾದರೂ ಪರವಾಗಿಲ್ಲ, ಬೋಲ್ಟ್ ತೂತುಗಳ ನಡುವೆ 11 ಇಂಚು ಇದ್ದರೆ ಹೊಂದುತ್ತದೆ.

ನಿಜವಾಗಿ ಮೊದಲು ಕೈಕೊಡುವುದು ಪ್ಲಾಸ್ಟಿಕ್ ಭಾಗಗಳು. ಬೋಟಿನ ಹುಡುಗರು ಕಿಟ್ಟನ್ನು ವಿಂಗಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಪೈಪ್ ಹಿಡಿದೇ ಮೇಲೆತ್ತುತ್ತಾರೆ, ಕೊಡಪಾನ ಎತ್ತಿದ ಹಾಗೆ. ಪೈಪ್ ವಿಂಗಿಗೆ ಸೇರುವ ಮೊಣಕೈ ಆಕಾರದ ಜೋಡಣೆ ಅಲ್ಲೇ ಸೀಳುತ್ತದೆ. "ಪ್ಲೇಟ್ ಹಿಡ್ಕೊಳ್ಳಿ ಅಣ್ಣ" ಅಂತ ಪ್ರತಿ ಸಲ ಹೇಳಬೇಕು, ನಾಚಿಕೆ ಬೇಡ. ಆಮೇಲೆ ಗಾಳಿ ಹೊರಬಿಡುವ ಡಂಪ್ ವಾಲ್ವ್: ಸೀಲಿನ ಅಡಿಗೆ ಒಂದು ಕಾಳು ಮರಳು ಕೂತರೂ ಗಾಳಿ ಸೋರುತ್ತದೆ, ಜನ ಬ್ಲ್ಯಾಡರ್ ಹೋಯಿತು ಅಂದುಕೊಳ್ಳುತ್ತಾರೆ. ಕೈಯಲ್ಲೇ ತಿರುಗಿಸಿ ಬಿಚ್ಚಿ ತೊಳೆದರೆ ಸಾಕು. ಇನ್‌ಫ್ಲೇಟರ್ ಗುಂಡಿ ಉಪ್ಪು ಹಿಡಿದು ಸಿಕ್ಕಿಕೊಂಡರೆ ಮಾತ್ರ ತಮಾಷೆ ಅಲ್ಲ, ವಿಂಗ್ ತಾನಾಗಿ ಊದಿಕೊಂಡು ನಿಮ್ಮನ್ನು ಮೇಲಕ್ಕೆ ಎಸೆಯಬಹುದು. ಅಂಥ ಹೊತ್ತಲ್ಲಿ ಸಿಲಿಂಡರಿನಿಂದ ಇನ್‌ಫ್ಲೇಟರಿಗೆ ಗಾಳಿ ತರುವ ಸಣ್ಣ ಪೈಪನ್ನು ಕಳಚುವುದು ಕಣ್ಣು ಮುಚ್ಚಿಯೂ ಬರುವಂತಿರಬೇಕು.

ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಗಟ್ಟಿಯಾಗಿ ಊದಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಕಾರಣ ಹುಡುಕಿ, ಆಮೇಲೆ ಬೆಲೆ ಮಾತಾಡಿ. ಅಲ್ಲಾಡಿಸಿದಾಗ ಒಳಗೆ ಸರಸರ ಸದ್ದು ಬಂದರೆ ಅದು ಉಪ್ಪು.

ತೊಳೆಯುವುದು ಹೇಗೆ ಅಂದರೆ, ಇನ್‌ಫ್ಲೇಟರ್ ಬಾಯಿಯಿಂದ ಒಂದೆರಡು ಲೀಟರ್ ಸಿಹಿನೀರು ಒಳಗೆ ಬಿಟ್ಟು, ಊದಿ, ಚೆನ್ನಾಗಿ ಕುಲುಕಿ, ಕೆಳಗಿನ ವಾಲ್ವಿನಿಂದ ಬಸಿಯಬೇಕು. ಮೂರು ಸಲ. ಉಪ್ಪು ಹೋಯಿತಾ ಅಂತ ಮೊದಲೆಲ್ಲ ನಾಲಿಗೆಗೆ ತಾಗಿಸಿ ನೋಡುತ್ತಿದ್ದೆ. ಒಳಗೆ ಬೂಷ್ಟು ಬೆಳೆಯುತ್ತದೆ ಅಂತ ಗೊತ್ತಾದ ಮೇಲೆ ಬಿಟ್ಟೆ. ಮೇ ತಿಂಗಳಲ್ಲಿ ನಮ್ಮನೆ ಬಾವಿಯ ನೀರೇ ಉಪ್ಪಾಗುತ್ತದೆ, ಆಗ ಕುಡಿಯುವ ನೀರನ್ನೇ ಖರ್ಚು ಮಾಡುತ್ತೇನೆ, ಮನೆಯವಳ ಬೈಗುಳದ ಜೊತೆಗೆ. ನಿಮಗೆ ಶಿರಸಿಯಲ್ಲಿ ಆ ಕಷ್ಟ ಇಲ್ಲ.

ನಿಮ್ಮ ಕಷ್ಟ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೋಟ್ ಹೋಗುವುದಿಲ್ಲ, ವಿಂಗ್ ಮನೆಯಲ್ಲೇ ಇರಬೇಕು, ಘಟ್ಟದ ಮೇಲಿನ ಮಳೆಯ ಥಂಡಿ ಹೇಳುವುದೇ ಬೇಡ. ಪಾಲಿಯುರೆಥೇನ್ ತೇವದಲ್ಲಿ ಮೆಲ್ಲಗೆ ಅಂಟಂಟಾಗುತ್ತದೆ. ಅರ್ಧ ಊದಿ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಅಗಲ ಹ್ಯಾಂಗರಿಗೆ ತೂಗುಹಾಕಿ, ತಿಂಗಳಿಗೊಮ್ಮೆ ಗಾಳಿ ಬಿಟ್ಟು ಮತ್ತೆ ಊದಿ. ಅಡಿಕೆ ಚೀಲದ ಪಕ್ಕ ಅಟ್ಟಕ್ಕೆ ಮಾತ್ರ ಹಾಕಬೇಡಿ. ಇಲಿಗೆ 1680 ಡೆನಿಯರ್ ಒಂದು ಲೆಕ್ಕವೇ ಅಲ್ಲ.