ನೀರು ಸುರಿಯುವ ಕಣ್ಣಿಗೂ ಜೆಲ್ ಬೇಕಾ?

ಪ್ರಶ್ನೆ: ನನಗೆ 53 ವರ್ಷ, ಊರು ತೀರ್ಥಹಳ್ಳಿ ಹತ್ತಿರ. ಅಡಿಕೆ ಸುಲಿತ ಶುರುವಾದಾಗಿನಿಂದ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತದೆ. ನೀರಂತೂ ಧಾರೆಯಾಗಿ ಸುರಿಯುತ್ತದೆ. ಡಾಕ್ಟರು ರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ನೋಡಿ, ‘ಕಣ್ಣು ಒಣಗಿದೆ’ ಎಂದು ಡ್ರಾಪ್ಸ್ ಜೊತೆ ಒಂದು ಜೆಲ್ ಟ್ಯೂಬ್ ಕೊಟ್ಟರು. ನೀರು ಸುರಿಯುವ ಕಣ್ಣು ಒಣಗುವುದು ಹೇಗೆ? ಬೆಳಿಗ್ಗೆ ಜೆಲ್ ಹಾಕಿಕೊಂಡು ಮೆಟ್ಟುಗತ್ತಿ ಮುಂದೆ ಕೂತರೆ ಎಲ್ಲ ಮಂಜು ಮಂಜು. ಬೆರಳು ಕೊಯ್ದುಕೊಳ್ಳುವುದರಲ್ಲಿದ್ದೆ. ಹೆದರಿ ಬಿಟ್ಟುಬಿಟ್ಟೆ. ದೃಷ್ಟಿಗೆ ತೊಂದರೆ ಆಗುತ್ತದಾ?

ಉತ್ತರ: ಬೆರಳು ಉಳಿಯಿತಲ್ಲ, ಸದ್ಯ! ಜೆಲ್‌ನಿಂದ ದೃಷ್ಟಿ ಹೋಗುವುದಿಲ್ಲ. ಅದು ಗಟ್ಟಿಯಾಗಿರುವುದರಿಂದ ಕಣ್ಣ ಮೇಲೆ ಹರಡುವವರೆಗೆ ಮಂಜಾಗುತ್ತದೆ, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಈ ತಪ್ಪು ನಾನೂ ಮಾಡಿದ್ದೇನೆ. ನನ್ನದೂ ಒಣಕಣ್ಣೇ. ಒಂದು ಬೆಳಿಗ್ಗೆ ಜೆಲ್ ಹಾಕಿಕೊಂಡು ಸ್ಕೂಟರ್ ಹತ್ತಿದೆ. ದುರ್ಗಿಗುಡಿ ತಿರುವಿನಲ್ಲಿ ಆಟೋ ಯಾವುದು, ಕಂಬ ಯಾವುದು ತಿಳಿಯದೆ ಗಾಡಿ ಪಕ್ಕಕ್ಕೆ ಹಾಕಿ ಕೂತೆ. ಕಣ್ಣಿನ ಡಾಕ್ಟರು ನಾನು! ಅವತ್ತಿನಿಂದ ಜೆಲ್ ಚೀಟಿ ಬರೆಯುವಾಗಲೆಲ್ಲ ‘ರಾತ್ರಿ, ಮಲಗುವ ಮುಂಚೆ’ ಎಂದು ದೊಡ್ಡಕ್ಷರದಲ್ಲಿ ಬರೆಯುತ್ತೇನೆ.

ಇನ್ನು ನೀರಿನ ವಿಷಯ. ಮಳೆಗಾಲದಲ್ಲಿ ನಿಮ್ಮ ಅಂಗಳದಲ್ಲೇ ಹೊಳೆ ಹರಿಯುತ್ತದೆ, ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ, ಅಲ್ವಾ? ಸುರಿದದ್ದೆಲ್ಲ ನಿಲ್ಲುವುದಿಲ್ಲ. ಕಣ್ಣೂ ಹಾಗೇ. ಕಣ್ಣೀರು ಬರಿ ನೀರಲ್ಲ. ಕೆಳಗೆ ಲೋಳೆ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳನೆ ಎಣ್ಣೆ. ಈ ಎಣ್ಣೆ ರೆಪ್ಪೆಯಂಚಿನ ಸಣ್ಣ ಗ್ರಂಥಿಗಳಿಂದ ಬರುತ್ತದೆ. ಎಣ್ಣೆ ಕಡಿಮೆಯಾದರೆ ನೀರು ಬೇಗ ಆರುತ್ತದೆ, ಕಣ್ಣು ಉರಿಯುತ್ತದೆ. ಉರಿಗೆ ಹೆದರಿ ಕಣ್ಣು ಗಳಗಳ ನೀರು ಬಿಡುತ್ತದೆ. ಆ ನೀರು ಕೆನ್ನೆಗೆ ಹರಿದುಹೋಗುತ್ತದೆ, ಕಣ್ಣಿನಲ್ಲಿ ನಿಲ್ಲುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಜಾಸ್ತಿ. ನೆಗಡಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳೂ ಕಣ್ಣು ಒಣಗಿಸುತ್ತವೆ.

ಕಾಗದದ ಪಟ್ಟಿ ಅಂದಿರಲ್ಲ, ಅದು ಶಿರ್ಮರ್ ಪರೀಕ್ಷೆ. 5 ನಿಮಿಷದಲ್ಲಿ ಪಟ್ಟಿ 10 ಮಿಲಿಮೀಟರಿಗಿಂತ ಜಾಸ್ತಿ ನೆನೆದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 5ಕ್ಕಿಂತ ಕಡಿಮೆಯಾದರೆ ಚೆನ್ನಾಗಿಯೇ ಒಣಗಿದೆ ಎಂದರ್ಥ. ನನ್ನದು 4.

ನಿಮ್ಮ ಮನೆಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ ಬೇರೆ ಇರುತ್ತದೆ. ಸುಲಿಯುವಾಗ ಕಣ್ಣು ಕತ್ತಿಯ ಮೇಲೇ ನೆಟ್ಟಿರುತ್ತದೆ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ದಿಟ್ಟಿಸಿ ನೋಡುವಾಗ ಅದು ಅರ್ಧಕ್ಕೂ ಕೆಳಗಿಳಿಯುತ್ತದೆ. ಬೆಂಗಳೂರಿನಲ್ಲಿ ಎರಡು ಕಂಪ್ಯೂಟರ್ ಮುಂದೆ ಕೂರುವ ನನ್ನ ಅಣ್ಣನ ಮಗನ ಕಣ್ಣಿಗೂ ಇದೇ ಕಥೆ. ಅವನಿಗೆ ಹೊಗೆ ಇಲ್ಲ, ಏಸಿ ಇದೆ. ನೀವು ಗಾಳಿ ನೋಡಿಕೊಂಡು ಒಲೆಯ ಹೊಗೆ ಬಾರದ ಕಡೆ ಕೂರಿ. ಒಂದೊಂದು ಬುಟ್ಟಿ ಮುಗಿದಾಗ ಕಣ್ಣು ಪೂರ್ತಿ ಮುಚ್ಚಿ ತೆರೆಯಿರಿ.

ಜೆಲ್ ಹಾಕುವುದಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ಅಡಿಕೆ ಚೊಗರಿನ ಕೈ ಬೇಡ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು, ಆ ಜೋಳಿಗೆಯೊಳಗೆ ಒಂದೇ ಹನಿ. ಟ್ಯೂಬಿನ ಮೂತಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಕಣ್ಣು ಮುಚ್ಚಿ ಗುಡ್ಡೆ ಆಚೆ ಈಚೆ ಆಡಿಸಿ. ಇಂಥ ಜೆಲ್‌ಗಳಲ್ಲಿ ಬಹಳಷ್ಟರಲ್ಲಿ ಅದನ್ನು ಗಟ್ಟಿ ಮಾಡುವ ಕಾರ್ಬೋಮರ್ ಎಂಬ ವಸ್ತು ಇರುತ್ತದೆ. ಕಣ್ಣೀರಿನ ಉಪ್ಪು ತಾಗಿದ ಕೂಡಲೇ ಅದು ಸಡಿಲಾಗಿ ಹರಡಿಕೊಳ್ಳುತ್ತದೆ. ಡ್ರಾಪ್ಸ್‌ಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಅದಕ್ಕೇ ರಾತ್ರಿಗೆ. ಡ್ರಾಪ್ಸ್ ಇದ್ದರೆ ಅದು ಮೊದಲು. 10 ನಿಮಿಷ ಬಿಟ್ಟು ಜೆಲ್. ತಿರುಗುಮುರುಗಾದರೆ ಡ್ರಾಪ್ಸ್ ಒಳಗಿಳಿಯುವುದಿಲ್ಲ. ಬೆಳಿಗ್ಗೆ ರೆಪ್ಪೆಗೂದಲು ಅಂಟಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದರಾಯಿತು.

ನೆಂಟರು ನಂದಿಬಟ್ಟಲು ಹೂವಿನ ರಸ, ಜೇನು ಎಂದು ಹೇಳಿಯೇ ಹೇಳುತ್ತಾರೆ. ನಮ್ಮಮ್ಮನೂ ಹೇಳುತ್ತಿದ್ದರು. ಅದ್ಯಾವುದನ್ನೂ ಕಣ್ಣೊಳಗೆ ಬಿಡಬೇಡಿ. ಬೇಕಾದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು, ಕೈಗೆ ಹಿತವಾಗುವಷ್ಟು ಆರಿಸಿ, ಮುಚ್ಚಿದ ರೆಪ್ಪೆಯ ಮೇಲೆ 5 ನಿಮಿಷ ಇಡಿ. ರೆಪ್ಪೆಯ ಎಣ್ಣೆ ಸಡಿಲವಾಗುತ್ತದೆ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಡಿಕೆ ಸಿಪ್ಪೆ ಸಿಡಿದೋ, ಸೋಗೆ ಗೀರಿಯೋ ಕಣ್ಣು ನೋಯುತ್ತಿದ್ದರೆ ಅದು ಒಣಕಣ್ಣಲ್ಲ. ಜೆಲ್ ಹಾಕಿ ಕಾಯಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆ ಗಾಯಕ್ಕೆ ಬೂಸ್ಟು ಹತ್ತುವುದುಂಟು. ಮನೆಯಲ್ಲಿ ಉಳಿದ ಹಳೇ ಸ್ಟೆರಾಯ್ಡ್ ಡ್ರಾಪ್ಸ್ ಹಾಕಿದರಂತೂ ಅದು ಇನ್ನೂ ಜೋರಾಗುತ್ತದೆ.

ಪ್ರಶ್ನೆ: ನಾನು ಸಾಗರದ ಕಾಲೇಜು ವಿದ್ಯಾರ್ಥಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಲೆನ್ಸ್ ಮೇಲೇ ಜೆಲ್ ಹಾಕಬಹುದಾ? ಚಟ ಹತ್ತುತ್ತದಾ?

ಉತ್ತರ: ಚಟ ಹತ್ತುವುದಿಲ್ಲ. ಲೆನ್ಸ್ ಮೇಲೆ ಮಾತ್ರ ಬೇಡ. ರಾತ್ರಿ ಲೆನ್ಸ್ ತೆಗೆದಿಟ್ಟು ಹಾಕಿಕೊಳ್ಳಿ. ಹಗಲಿನ ಡ್ರಾಪ್ಸ್ ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಬೆರೆಸುವ ವಸ್ತು) ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ಕೆಲವು ಪ್ರಿಸರ್ವೇಟಿವ್‌ಗಳೇ ಕಣ್ಣು ಕೆರಳಿಸುತ್ತವೆ. ತೆರೆದ ಟ್ಯೂಬನ್ನು ಎಷ್ಟು ದಿನ ಬಳಸಬಹುದು ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ, ಬಹಳಷ್ಟಕ್ಕೆ 28 ದಿನ. ತೆರೆದ ದಿನವೇ ಪೆನ್ನಿನಿಂದ ತಾರೀಖು ಬರೆದಿಡಿ. ಮತ್ತೆ, ಆ ಟ್ಯೂಬನ್ನು ರೂಮ್‌ಮೇಟ್ ಜೊತೆ ಹಂಚಿಕೊಳ್ಳಬೇಡಿ. ನಿಮ್ಮ ಹಾಸ್ಟೆಲ್ಲುಗಳ ವಿಷಯ ನನಗೆ ಗೊತ್ತು.